ಬಾಂಬ್ ಬಿದ್ದರೂ ಪಾಠ ನಿಲ್ಲಲಿಲ್ಲ, ನಮಗೇನು ಧಾಡಿ?



"ಈಗ ಕಾಲ ಸರಿಯಿಲ್ಲ ಕಣ್ರೀ." ಲಂಡನ್ನಿನಲ್ಲಿ ಕನ್ನಡ ಅಧ್ಯಯನಕ್ಕೊಂದು ಪೀಠ ಕಟ್ಟೋಣ ಅಂತ ಬಾಯಿ ತೆಗೆದಾಗಲೆಲ್ಲ ನನಗೆ ಸಿಗುವ ಉತ್ತರ ಇದು. ಅಲ್ಲಿ ಯುದ್ಧ, ಇಲ್ಲಿ ಬೆಲೆ ಏರಿಕೆ, ಮೇಲೆ ಮಾರ್ಟ್‌ಗೇಜ್ ಕಂತು. ಎಲ್ಲ ತಣ್ಣಗಾಗಲಿ, ಆಮೇಲೆ ನೋಡೋಣ ಅಂತಾರೆ. ನಾವು ದಿನಾ ಓಡಾಡುವ ಇದೇ ಊರಿನ ಕಾಲೇಜುಗಳು ಯುದ್ಧಕಾಲದಲ್ಲಿ ಏನು ಮಾಡಿದವು ಅಂತ ಇವರು ಒಮ್ಮೆಯಾದರೂ ತಿಳಿದುಕೊಳ್ಳಬೇಕು.

1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಲಂಡನ್ ವಿಶ್ವವಿದ್ಯಾಲಯದ ಹಲವು ಕಾಲೇಜುಗಳು ಗಂಟುಮೂಟೆ ಕಟ್ಟಿದವು. ಎಲ್‌ಎಸ್‌ಇ ಕೇಂಬ್ರಿಡ್ಜಿನ ಪೀಟರ್‌ಹೌಸ್ ಕಾಲೇಜಿನ ಆಸರೆ ಪಡೆಯಿತು. ಕ್ವೀನ್ ಮೇರಿ, ಬೆಡ್‌ಫರ್ಡ್ ಕಾಲೇಜುಗಳೂ ಕೇಂಬ್ರಿಡ್ಜಿಗೇ ಹೋದವು. ಕಿಂಗ್ಸ್ ಕಾಲೇಜಿನ ಬಹುಪಾಲು ಬ್ರಿಸ್ಟಲ್ ಸೇರಿತು. ಸೆನೆಟ್ ಹೌಸ್ ಕಟ್ಟಡವನ್ನು ವಾರ್ತಾ ಸಚಿವಾಲಯ ವಹಿಸಿಕೊಂಡಿತು. ಯೂನಿವರ್ಸಿಟಿ ಕಾಲೇಜಿನ ಮೇಲೆ 1940ರಲ್ಲಿ ಬಾಂಬ್ ಬಿತ್ತು, 1941ರಲ್ಲಿ ಮತ್ತೆ ಬಿತ್ತು. ಗ್ರಂಥಾಲಯದ ಸುಮಾರು ಒಂದು ಲಕ್ಷ ಪುಸ್ತಕ ಹಾಳಾದವು. ದುಡಿಯುವವರಿಗೆ ಸಂಜೆ ಪಾಠ ಹೇಳುವ ಬಿರ್ಕ್‌ಬೆಕ್ ಊರು ಬಿಡಲೇ ಇಲ್ಲ. ರಾತ್ರಿ ಬಾಂಬ್ ಕಾಟವೇ? ಸರಿ, ವಾರಾಂತ್ಯದ ಹಗಲಲ್ಲಿ ಪಾಠ ಇಟ್ಟುಕೊಂಡಿತು. ಶತ್ರುಗಳ ಶಿಬಿರಗಳಲ್ಲಿ ಸೆರೆಯಾಗಿದ್ದ ಸೈನಿಕರು ಕೂಡ ಲಂಡನ್ ವಿ.ವಿ. ಪರೀಕ್ಷೆ ಬರೆದರು!

ಎಲ್ಲ ಸುಖವಾಗಿತ್ತು ಅಂತಲ್ಲ. ಹುಡುಗರು ಸೇನೆಗೆ ಹೋದರು, ತರಗತಿಗಳು ಬರಿದಾದವು. ಆದರೂ ಕಾಲೇಜು ಉಳಿದದ್ದು ಪವಾಡದಿಂದಲ್ಲ. ಜಾಗ ಇದ್ದವರು ಜಾಗ ಕೊಟ್ಟರು, ಮೇಷ್ಟ್ರುಗಳು ಪಾಠ ಬಿಡಲಿಲ್ಲ, ಸರ್ಕಾರ ಅನುದಾನ ನಿಲ್ಲಿಸಲಿಲ್ಲ. ಅಷ್ಟೇ.

ಕಲಿಕೆಯನ್ನು ಮುಂದೂಡಿದರೆ ಏನಾಗುತ್ತೆ ಅನ್ನೋದಕ್ಕೂ ಇಲ್ಲೇ ಉದಾಹರಣೆ ಇದೆ. ಜಪಾನೀ ಭಾಷೆ ಬಲ್ಲವರು ಬೇಕಾಗ್ತಾರೆ ಅಂತ ಲಂಡನ್ನಿನ ಸೋಆಸ್, ಅಂದರೆ ಪೌರ್ವಾತ್ಯ ಮತ್ತು ಆಫ್ರಿಕನ್ ಅಧ್ಯಯನ ಸಂಸ್ಥೆ, ಮೊದಲೇ ಎಚ್ಚರಿಸಿತ್ತು. ಸೇನಾ ಇಲಾಖೆ ಕಿವಿಗೆ ಹಾಕಿಕೊಳ್ಳಲಿಲ್ಲ. 1941ರ ಡಿಸೆಂಬರಿನಲ್ಲಿ ಜಪಾನ್ ಮೇಲೆ ಬಿದ್ದಾಗ ಕಣ್ಣು ತೆರೆಯಿತು. 1942ರಲ್ಲಿ ಸ್ಕೂಲು ಹುಡುಗರನ್ನು ಆರಿಸಿ ತಂದು, ಡಲ್ವಿಚ್ ಕಾಲೇಜಿನಲ್ಲಿ ಇಳಿಸಿ, ತರಾತುರಿಯಲ್ಲಿ ಜಪಾನೀ, ಚೀನೀ, ಪರ್ಷಿಯನ್, ಟರ್ಕಿಶ್ ಕಲಿಸಿದರು. ಬೆಂಕಿ ಬಿದ್ದ ಮೇಲೆ ಬಾವಿ ತೋಡೋದು ಅಂದರೆ ಇದೇ ತಾನೆ? ಬುದ್ಧಿ ಬಂದ ಸರ್ಕಾರ ಯುದ್ಧ ಮುಗಿಯುವ ಮೊದಲೇ ಸ್ಕಾರ್‌ಬರೋ ಸಮಿತಿ ನೇಮಿಸಿತು. 1947ರಲ್ಲಿ ಹೊರಬಂದ ಅದರ ವರದಿ ಏಷ್ಯಾ, ಆಫ್ರಿಕಾ ಭಾಷೆಗಳ ಅಧ್ಯಯನಕ್ಕೆ ಸ್ಥಿರವಾದ ನೆರವು ಬೇಕು ಅಂತ ಹೇಳಿತು.

ನಮ್ಮವರೇನು ಕಮ್ಮಿಯಿದ್ದರೇ? ಸೋಆಸ್‌ಗೆ ರಾಜಸನ್ನದು ಸಿಕ್ಕಿದ್ದು 1916ರ ಜೂನ್‌ನಲ್ಲಿ, ಮೊದಲನೇ ಮಹಾಯುದ್ಧದ ನಡುವೆ. ಮುಂದಿನ ತಿಂಗಳೇ, ಜುಲೈ 27ರಂದು, ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು! ಮೈಸೂರು ಸಂಸ್ಥಾನ ಆ ಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟಿತ್ತು, ತನ್ನ ಕುದುರೆ ಪಡೆಯನ್ನೂ ಕಳಿಸಿತ್ತು. "ಕಾಲ ಸರಿಯಿಲ್ಲ" ಅನ್ನೋದಕ್ಕೆ ನಾಲ್ವಡಿಯವರಿಗೂ ವಿಶ್ವೇಶ್ವರಯ್ಯನವರಿಗೂ ನಮಗಿಂತ ದೊಡ್ಡ ಕಾರಣವಿತ್ತು. ಅವರು ಹಾಗಂದಿದ್ದರೆ ನಮ್ಮಲ್ಲಿ ಎಷ್ಟು ಜನರ ಅಪ್ಪ, ಅಮ್ಮ ಡಿಗ್ರಿ ಮಾಡುತ್ತಿದ್ದರು? ಎರಡನೇ ಯುದ್ಧದಲ್ಲೂ ಅಷ್ಟೇ. ಎ.ಎನ್. ನರಸಿಂಹಯ್ಯನವರು ಹಳೆಯ ಕನ್ನಡ ಶಾಸನಗಳ ವ್ಯಾಕರಣದ ಮೇಲೆ ಲಂಡನ್ ವಿ.ವಿ.ಯಲ್ಲಿ ಸಂಶೋಧನೆ ಮಾಡಿದ್ದರು. ಆ ಪುಸ್ತಕವನ್ನು ಮೈಸೂರು ವಿ.ವಿ. ಪ್ರಕಟಿಸಿದ್ದು 1941ರಲ್ಲಿ, ಇಲ್ಲಿ ಲಂಡನ್ ಹೊತ್ತಿ ಉರಿಯುತ್ತಿದ್ದ ವರ್ಷ. ಅದೇ ವಿ.ವಿ.ಯ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸ ಯುದ್ಧದ ವರ್ಷಗಳನ್ನು ದಾಟಿ 1946ರಲ್ಲಿ ಅಚ್ಚಾಗಿ ಬಂತು.

ಈಗ ನೋಡಿ. ಯುದ್ಧವಿಲ್ಲ, ಬಾಂಬಿಲ್ಲ. 2025ರ ಫೆಬ್ರವರಿಯಲ್ಲಿ ಕರ್ನಾಟಕದ ಸಚಿವ ಸಂಪುಟ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಕಾರಣ? ದುಡ್ಡಿಲ್ಲ! ಸಾಕಷ್ಟು ಹಣ ಇಡದೆ ತೆರೆದ ಹಿಂದಿನ ಸರ್ಕಾರದ್ದು ತಪ್ಪು. ಉಳಿಸುವ ದಾರಿ ಹುಡುಕದೆ ಬೀಗ ಹುಡುಕಿದ ಈಗಿನವರದ್ದೂ ತಪ್ಪು. ಜರ್ಮನ್ ಬಾಂಬಿಗೆ ಆಗದ್ದು ನಮ್ಮ ಲೆಕ್ಕಪತ್ರಕ್ಕೆ ಆಗಬೇಕೇ?

ನಾವೂ ಸಾಚಾ ಅಲ್ಲ. 2015ರಲ್ಲಿ ಥೇಮ್ಸ್ ದಡದ ಲ್ಯಾಂಬೆತ್‌ನಲ್ಲಿ ಬಸವಣ್ಣನ ಪ್ರತಿಮೆ ಅನಾವರಣವಾದಾಗ ಎದೆಯುಬ್ಬಿಸಿ ಫೋಟೋ ತೆಗೆಸಿಕೊಂಡೆವು. ಆ ಬಸವಣ್ಣನ ವಚನವನ್ನು ಮೂಲ ಕನ್ನಡದಲ್ಲಿ ಓದಿಸುವ ಮೇಷ್ಟ್ರೊಬ್ಬರ ಸಂಬಳಕ್ಕೆ ಮಾತ್ರ ಕಾಲ ಕೂಡಿ ಬಂದಿಲ್ಲ!

ಗೆಳೆಯರೇ, ನನ್ನ ಕೋರಿಕೆ ಮೂರು. ಒಂದು, ಕನ್ನಡ ಪೀಠಕ್ಕಾಗಿ ಪ್ರತಿ ಮನೆಯಿಂದ ತಿಂಗಳಿಗೆ ಹತ್ತು ಪೌಂಡ್ ಎತ್ತಿಡಿ. ಎರಡು, ಬ್ರಿಟಿಷ್ ಲೈಬ್ರರಿಯ ಹಳೆಯ ಕನ್ನಡ ಪುಸ್ತಕಗಳನ್ನು ನೋಡಲು ಬರುವ ಕರ್ನಾಟಕದ ಸಂಶೋಧಕರಿಗೆ ನಿಮ್ಮ ಮನೆಯಲ್ಲಿ ಒಂದು ಕೋಣೆ ಕೊಡಿ. ಪೀಟರ್‌ಹೌಸ್ ಇಡೀ ಕಾಲೇಜಿಗೇ ಜಾಗ ಕೊಟ್ಟಿತ್ತು. ಮೂರು, ನಿಮ್ಮ ಜಿಲ್ಲೆಯ ವಿಶ್ವವಿದ್ಯಾಲಯದ ಗತಿಯೇನು ಅಂತ ಊರಿನ ಶಾಸಕರಿಗೆ ಪತ್ರ ಬರೆದು ಕೇಳಿ. ಈ ವಾರವೇ ಬರೆಯಿರಿ.

ಸಿರಿಗನ್ನಡಂ ಗೆಲ್ಗೆ!