ಮೆಟ್ಟಿದವರು ಮತ್ತು ಹೊಲಿದವರು

ಹಬ್ಬಕ್ಕೆ ಬಂದ ಬಂಧುವೊಬ್ಬರು ಹೊಸ್ತಿಲಾಚೆ ಬಿಟ್ಟ ಪಾದರಕ್ಷೆಯ ಅಡಿ ಕುಂಕುಮದಷ್ಟು ಕೆಂಪು. ಪ್ಯಾರಿಸ್ಸಿನ ಕ್ರಿಸ್ತಿಯಾನ್ ಲೂಬುಟಾನ್ ಅವರದಂತೆ! 1993ರಲ್ಲಿ ಸಹಾಯಕಿಯ ಉಗುರುಬಣ್ಣವನ್ನು ಜೋಡಿನ ಅಡಿಗೆ ಬಳಿದದ್ದೇ ಇದರ ಆರಂಭವೆಂದು ಆತ ಹೇಳಿಕೊಂಡಿದ್ದಾರೆ. ಆ ಕೆಂಪು ಅಡಿಗೆ ವ್ಯಾಪಾರಮುದ್ರೆಯ ರಕ್ಷಣೆ ಸಲ್ಲಬಹುದೆಂದು 2018ರಲ್ಲಿ ಐರೋಪ್ಯ ನ್ಯಾಯಾಲಯವೇ ತೀರ್ಪಿತ್ತಿತು. ಜೋಡು ಚೆಂದವೇ, ಅಲ್ಲವೆನ್ನಲಾರೆ.

ನನ್ನ ತಕರಾರು ಬೇರೆ. ಆ ಹೆಸರನ್ನು ತೊದಲದೆ ಉಚ್ಚರಿಸುವ ನಮ್ಮವರು ಅಥಣಿಯ ಒಬ್ಬನಾದರೂ ಚಪ್ಪಲಿ ಕುಶಲಕರ್ಮಿಯ ಹೆಸರನ್ನು ಬಲ್ಲರೇ? ನಲವತ್ತು ವರ್ಷ ಕೊಲ್ಹಾಪುರಿ ಮೆಟ್ಟಿದ ನಾನೂ ಅರಿಯೆ. ಅದಕ್ಕೆ 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದ್ದವು. 2025ರ ಜೂನ್‌ನಲ್ಲಿ ಪ್ರಾಡಾ ಸಂಸ್ಥೆ ಮಿಲಾನಿನಲ್ಲಿ ಅದೇ ಮಾದರಿಯನ್ನು ಊರುಹೆಸರಿಲ್ಲದೆ ಮೆರೆಸಿತು. ಕೂಗೆದ್ದ ಮೇಲೆ ಮೂಲವನ್ನು ಒಪ್ಪಿಕೊಂಡು, ಡಿಸೆಂಬರಿನಲ್ಲಿ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್‌ಗಳೊಡನೆ ಒಪ್ಪಂದ ಮಾಡಿಕೊಂಡಿತು: 2,000 ಜೋಡಿ, ಜೋಡಿಗೆ ಸುಮಾರು 800 ಯೂರೋ.

ಕೂಗಿದವರಲ್ಲಿ ನಾವೂ ಇದ್ದೆವು. ಸಂತೆಯಲ್ಲಿ ಅದೇ ಚಪ್ಪಲಿಗೆ ಐವತ್ತು ರೂಪಾಯಿಗಾಗಿ ಚೌಕಾಸಿ ಮಾಡುವವರೂ ನಾವೇ. ಪ್ರಾಡಾ ಹೆಸರನ್ನು ಮರೆಮಾಡಿದ್ದು ಕೆಲವು ದಿನ ಮಾತ್ರ, ಸ್ವಾಮಿ! ನಾವು ಆ ಕಸುಬಿಗೆ ಜಾತಿಯ ಕಳಂಕ ಹಚ್ಚಿ ತಲೆಮಾರುಗಳಿಂದ ಹೊಸ್ತಿಲಾಚೆಯೇ ನಿಲ್ಲಿಸಿದ್ದೇವೆ.

ಶಿಷ್ಯರೇ, ಒಮ್ಮೆ ತರಗತಿಯಲ್ಲಿ ಎಲ್ಲರೆದುರು ತಂದೆಯ ವೃತ್ತಿ ಕೇಳಿ ಬರೆದುಕೊಳ್ಳುತ್ತಿದ್ದೆ. ಚಪ್ಪಲಿ ಹೊಲಿಯುವವರ ಮಗನೊಬ್ಬ ತಲೆತಗ್ಗಿಸಿ ‘ಕೂಲಿ’ ಎಂದ. ಅಂದು ನನ್ನ ಕಾಲಲ್ಲಿದ್ದುದು ಅವನ ತಂದೆ ಹೊಲಿದ ಜೋಡು. ತಿಳಿದೂ ‘ಕೂಲಿ’ ಎಂದೇ ಬರೆದುಕೊಂಡೆ.