ಗಾಳಿಯಿಂದ ದೀಪ: ಮೊದಲು ಅಳತೆ, ಅನಂತರ ಯಂತ್ರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಗ್ರಾಮಗಳಿಗೆ ವಿದ್ಯುತ್ತಿನ ತಂತಿಯು ಬಂದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಊರಿಗೆ ದೂರವಾದ ತೋಟದ ಮನೆ, ರೇಷ್ಮೆಯ ಹುಳುಮನೆ, ಕಾಡಂಚಿನ ಕಾವಲಿನ ಅಟ್ಟಣೆ ಇವುಗಳಿಗೆ ತಂತಿಯನ್ನೆಳೆಯುವುದು ಬಹು ವೆಚ್ಚದ ಕೆಲಸ. ಹುಳುಗಳಿಗೆ ರಾತ್ರಿ ಸೊಪ್ಪು ಹಾಕುವುದಕ್ಕೂ, ಕನಕಪುರದ ಕಾಡಂಚಿನಲ್ಲಿ ಆನೆಗಳ ಸುಳಿವನ್ನು ಕಾಣುವುದಕ್ಕೂ ದೀಪವು ಅತ್ಯಾವಶ್ಯಕ. ಬೀಸುವ ಗಾಳಿಗೆ ಬೆಲೆಯಿಲ್ಲವಾದುದರಿಂದ, ಗಾಳಿಯಂತ್ರವನ್ನು ನಿಲ್ಲಿಸಿ ವಿದ್ಯುತ್ತನ್ನು ಪಡೆಯಬಾರದೇಕೆ ಎಂಬ ಆಲೋಚನೆಯು ಕೆಲವು ಜಮೀನುದಾರರಲ್ಲಿ ಹುಟ್ಟುವುದು ಸಹಜ.

ಗಾಳಿಗೆ ಬೆಲೆಯಿಲ್ಲವೆಂಬುದು ನಿಜ, ಯಂತ್ರಕ್ಕೆ ಉಂಟು. ಗಾಳಿಯ ವೇಗವು ಇಮ್ಮಡಿಯಾದರೆ ಅದರ ಶಕ್ತಿಯು ಎಂಟುಮಡಿಯಾಗುವುದು. ವೇಗವು ಅರ್ಧವಾದರೆ ಶಕ್ತಿಯು ಎಂಟನೆಯ ಒಂದು ಪಾಲಿಗೆ ಇಳಿಯುವುದು. 2 ಮೀಟರು ವ್ಯಾಸದ ಚಕ್ರವುಳ್ಳ ಸಣ್ಣ ಯಂತ್ರವು ಗಂಟೆಗೆ ಸುಮಾರು 22 ಕಿಲೋಮೀಟರು ವೇಗದ ಗಾಳಿಯಲ್ಲಿ ಸುಮಾರು 110 ವಾಟ್ ಕೊಟ್ಟರೆ, 11 ಕಿಲೋಮೀಟರು ವೇಗದಲ್ಲಿ 14 ವಾಟ್ ಮಾತ್ರ ಕೊಡಬಲ್ಲುದು. ಅಷ್ಟರಿಂದ ಒಂದೆರಡು ಎಲ್‌ಇಡಿ ದೀಪಗಳು ಉರಿಯಬಹುದೇ ಹೊರತು ಹೆಚ್ಚೇನೂ ನಡೆಯದು.

ಗದಗಿನ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿ ಇವುಗಳ ಸಾಲಿನಲ್ಲಿ ದೊಡ್ಡ ಯಂತ್ರಗಳು ತಿರುಗುತ್ತಿರುವುದನ್ನು ಕಂಡು, ನಮ್ಮಲ್ಲಿಯೂ ಬೆಟ್ಟಗಳಿವೆಯಲ್ಲವೆ ಎಂದು ಹೇಳುವುದು ಸಾಲದು. ಬೋಳು ದಿಣ್ಣೆಯ ಮೇಲೆ ಬೀಸುವ ಗಾಳಿಯು ಬಂಡೆಯ ಮರೆಯ ತೆಂಗಿನ ತೋಟದಲ್ಲಿ ಬೀಸದು. ಯಂತ್ರದ ಚಕ್ರವು ಸುತ್ತಣ 300 ಅಡಿಯೊಳಗಿನ ಮರಮನೆಗಳಿಗಿಂತ 30 ಅಡಿಯಾದರೂ ಎತ್ತರದಲ್ಲಿರತಕ್ಕದ್ದು. ಕಾಲಭೇದವೂ ಉಂಟು: ಆಷಾಢದ ಗಾಳಿಯನ್ನು ನಂಬಿ ಯಂತ್ರವನ್ನು ಕೊಂಡವನು ಕಾರ್ತಿಕದಲ್ಲಿ ಕತ್ತಲೆಯಲ್ಲಿ ಕೂರಬೇಕಾದೀತು.

ಬಾವಿ ತೋಡುವ ಮುನ್ನ ನೀರಿನ ಸೆಲೆಯನ್ನು ನೋಡುವುದು ರೈತರ ವಾಡಿಕೆ. ಗಾಳಿಯ ವಿಷಯದಲ್ಲಿಯೂ ಅದೇ ವಿವೇಕವು ಬೇಕು. ಉದ್ದೇಶಿಸಿದ ಸ್ಥಳದಲ್ಲಿಯೇ ಕಂಬ ನೆಟ್ಟು, ವೇಗಮಾಪಕವನ್ನಿಟ್ಟು, ಒಂದು ವರ್ಷ ಲೆಕ್ಕ ಬರೆಯತಕ್ಕದ್ದು. ಹತ್ತಾರು ಮನೆಗಳು ಸೇರಿದರೆ ಈ ಖರ್ಚು ಯಾರಿಗೂ ಭಾರವಾಗದು.

ಅಳತೆಯು ಅನುಕೂಲವಾಗಿದ್ದರೂ ಗಾಳಿಯೊಂದನ್ನೇ ನಂಬದೆ ಸೌರಫಲಕವನ್ನು ಜೊತೆಗಿಡುವುದು ಲೇಸು. ಮೋಡ ಕವಿದ ಆಷಾಢ ಶ್ರಾವಣಗಳಲ್ಲಿ ಗಾಳಿಯೂ, ಬೇಸಿಗೆಯಲ್ಲಿ ಬಿಸಿಲೂ ಒಂದಕ್ಕೊಂದು ಒದಗುವುವು. ಅಳತೆಯು ಪ್ರತಿಕೂಲವಾದರೆ ಫಲಕವೊಂದೇ ಸಾಕು. ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸವೆಯುವುದರಿಂದ, ಮೊದಲ ತಿಂಗಳಿನಿಂದಲೇ ಪ್ರತಿ ಮನೆಯೂ ಅದಕ್ಕಾಗಿ ಸ್ವಲ್ಪ ಹಣವನ್ನು ಕೂಡಿಡಬೇಕು. 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿತವಾದ ರಾಮದೇವರ ಬೆಟ್ಟದ ಆಸುಪಾಸಿನಲ್ಲಿ ಮಾತ್ರ ತಿರುಗುವ ರೆಕ್ಕೆಗಳನ್ನು ನಿಲ್ಲಿಸಕೂಡದು. ಅಳಿವಿನ ಅಂಚಿನಲ್ಲಿರುವ ಆ ಹಕ್ಕಿಗಳಿಗೆ ಅವು ಅಪಾಯಕರ.

ಊರಿನ ಮುಖ್ಯಸ್ಥರು ಒಂದು ಯಂತ್ರವನ್ನು ನಿಲ್ಲಿಸಿದರೆ ಉಳಿದವರು ಅದನ್ನು ನೋಡಿ ಸಾಲಮಾಡಿಯಾದರೂ ಕೊಳ್ಳುವರು. ಆದುದರಿಂದ ಅಳೆದು ನೋಡುವ ಹೊಣೆಯು ಮುಖ್ಯಸ್ಥರದೇ ಆಗಿರುವುದು.