ತಾಕಿಗೊಂದು ಬೋರ್ಡು ಇದೆ, ಕೋಟಿಗೆ ಯಾಕಿಲ್ಲ?



ನೀವು ವಿ.ಸಿ. ಫಾರಂಗೆ ಬಂದಿದ್ದರೆ ನೋಡಿರುತ್ತೀರಿ. ಅಲ್ಲಿ ಪ್ರಯೋಗದ ತಾಕುಗಳಿವೆ. ತಾಕಿನ ತಲೆಯಲ್ಲಿ ಒಂದು ಬೋರ್ಡು ನೆಟ್ಟಿರುತ್ತಾರೆ. ಯಾವ ತಳಿ, ಯಾವತ್ತು ನಾಟಿ, ಎಷ್ಟು ಗೊಬ್ಬರ ಎಂದು ಅದರಲ್ಲಿ ಬರೆದಿರುತ್ತದೆ. ಕಬ್ಬಾಗಲಿ, ಭತ್ತವಾಗಲಿ, ರಾಗಿಯಾಗಲಿ, ಬದುವಿನ ಮೇಲೆ ನಿಂತು ಯಾರು ಬೇಕಾದರೂ ಓದಿಕೊಳ್ಳಬಹುದು. ಬೆಳೆ ಕೆಟ್ಟಿದ್ದರೆ ಯಾಕೆ ಕೆಟ್ಟಿತು ಸ್ವಾಮಿ ಎಂದು ಕೇಳಬಹುದು. ನಾಲ್ಕು ಗುಂಟೆ ತಾಕಿಗೆ ಇಷ್ಟು ಲೆಕ್ಕ!

ಇಲ್ಲಿಂದ ನೂರು ಕಿಲೋಮೀಟರು ಆಚೆ ವಿಧಾನಸೌಧವಿದೆ. ಅಲ್ಲಿ 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ತಮ್ಮ 16ನೇ ಬಜೆಟ್ಟು ಓದಿದರು. 2025-26ನೇ ಸಾಲಿಗೆ ಅದರ ಗಾತ್ರ 4 ಲಕ್ಷ 9 ಸಾವಿರದ 549 ಕೋಟಿ ರೂಪಾಯಿ. ಈ ದುಡ್ಡಿಗೆ ನಮ್ಮೂರಲ್ಲಿ ಎಲ್ಲಿ ಬೋರ್ಡು ನೆಟ್ಟಿದ್ದಾರೆ? ಬೋರ್ಡುಗಳೇನೋ ಇವೆ. ಅದರಲ್ಲಿ ಮಂತ್ರಿಯ ಮುಖ, ಶಾಸಕರ ಮುಖ, ಮರಿ ಪುಢಾರಿಗಳ ಮುಖ ಇರುತ್ತವೆ. ಲೆಕ್ಕ ಮಾತ್ರ ಇರುವುದಿಲ್ಲ.

"ರೈತ ಎಲ್ಲಿ ತೆರಿಗೆ ಕಟ್ತಾನೆ, ಅವನಿಗ್ಯಾಕೆ ಲೆಕ್ಕ?" ಎಂದು ಪೇಟೆಯ ಜಾಣರು ಕೇಳುತ್ತಾರೆ. ಕೇಳಲಿ. ಪೈಪಿಗೆ, ಔಷಧಿಗೆ, ಸಿಮೆಂಟಿಗೆ, ಮಗಳ ಮದುವೆಯ ಬಟ್ಟೆಗೆ ತೆರಿಗೆ ಕಟ್ಟದೆ ತಂದವರು ಯಾರಾದರೂ ಇದ್ದರೆ ಕೈ ಎತ್ತಿ. 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆಯನ್ನು ಶೇಕಡ 18.44ರಿಂದ 21.17ಕ್ಕೆ ಏರಿಸಿದರು. ಲೀಟರಿಗೆ 2 ರೂಪಾಯಿ ಹೆಚ್ಚಾಯಿತು. ಗದ್ದೆ ಉಳುವ ಟ್ರ್ಯಾಕ್ಟರು ನೀರು ಕುಡಿದು ಓಡುತ್ತದೆಯೇ? ಕಬ್ಬು ಸಾಗಿಸುವ ಲಾರಿ ಗಾಳಿ ಕುಡಿದು ಓಡುತ್ತದೆಯೇ? ಖಜಾನೆಯಲ್ಲಿ ಇರುವುದು ನಮ್ಮ ದುಡ್ಡು. ಈ ಮಾತಿನಲ್ಲಿ ನಾಚಿಕೆ ಬೇಡ.

ಡೀಸೆಲ್ ತೆರಿಗೆ ಏರುವುದಕ್ಕೆ ಹನ್ನೊಂದು ದಿನ ಮುಂಚೆ, ಮಾರ್ಚ್ 21ರಂದು, ಅದೇ ಸದನದಲ್ಲಿ ಎರಡು ಮಸೂದೆ ಪಾಸಾದವು. ಒಂದು ಮಂತ್ರಿಗಳ ಸಂಬಳದ್ದು, ಇನ್ನೊಂದು ಶಾಸಕರ ಸಂಬಳ, ಭತ್ಯೆ, ಪಿಂಚಣಿಯದ್ದು. ಮುಖ್ಯಮಂತ್ರಿಗಳ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಮಂತ್ರಿಗಳದ್ದು 60 ಸಾವಿರದಿಂದ 1 ಲಕ್ಷ 25 ಸಾವಿರಕ್ಕೆ, ಶಾಸಕರದ್ದು 40 ಸಾವಿರದಿಂದ 80 ಸಾವಿರಕ್ಕೆ. ಮಾಜಿಗಳ ಪಿಂಚಣಿ 50 ಸಾವಿರದಿಂದ 75 ಸಾವಿರಕ್ಕೆ. ಸದನದಲ್ಲಿ ಆವತ್ತು ಬೇರೆ ವಿಷಯಕ್ಕೆ ಕೋಲಾಹಲ. ವಿರೋಧ ಪಕ್ಷದ 18 ಶಾಸಕರನ್ನು ಆವತ್ತೇ ಅಮಾನತು ಮಾಡಿದರು. ಆ ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ, ಸಂಬಳದ ಮಸೂದೆಗಳು ತಣ್ಣಗೆ ದಾಟಿಕೊಂಡವು. ಹೊಡೆದಾಡುವುದಕ್ಕೆ ಪಕ್ಷ ಬೇರೆ ಬೇರೆ, ಉಣ್ಣುವುದಕ್ಕೆ ಪಂಕ್ತಿ ಒಂದೇ!

ಈಗ ನಮ್ಮ ಕಬ್ಬಿನ ಕಡೆ ನೋಡಿ. ದೆಹಲಿಯವರು ಕಟ್ಟುವ ನ್ಯಾಯಯುತ ದರ 2024-25ರಲ್ಲಿ ಟನ್ನಿಗೆ 3,400 ರೂಪಾಯಿ, 2025-26ಕ್ಕೆ 3,550. ಅದೂ ನೂರಕ್ಕೆ 10.25ರಷ್ಟು ಸಕ್ಕರೆ ಇಳುವರಿ ಬಂದರೆ ಮಾತ್ರ, ಅದೂ ಕಾರ್ಖಾನೆ ಬಾಗಿಲಿನಲ್ಲಿ. ಕಟಾವಿನ ಕೂಲಿ, ಸಾಗಾಣಿಕೆ ಅದರಲ್ಲೇ ಕಳೆಯಬೇಕು. ಏರಿದ್ದು 150 ರೂಪಾಯಿ, ಅಂದರೆ ನೂರಕ್ಕೆ ನಾಲ್ಕೂವರೆಯೂ ಇಲ್ಲ. ಶಾಸಕರಿಗೆ ಏರಿದ್ದು ನೂರಕ್ಕೆ ನೂರು. 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲಿ ದಿನಗಟ್ಟಲೆ ಕೂತು ಟನ್ನಿಗೆ 3,300 ಎನ್ನಿಸಿಕೊಂಡು ಎದ್ದರು. ಶಾಸಕರು ಯಾವ ರಸ್ತೆಯಲ್ಲಿ ಕೂತಿದ್ದರು?

ಆದರೆ ಬಂಧುಗಳೇ, ಇಲ್ಲಿ ನಾವು ಎಡವಬಾರದು. ಸಂಬಳ ಏರಿಕೆಯಿಂದ ಖಜಾನೆಗೆ ಬೀಳುವ ಹೆಚ್ಚುವರಿ ಹೊರೆ ವರ್ಷಕ್ಕೆ 62 ಕೋಟಿ ಎಂದು ಅಂದಾಜು ಹೇಳಿದರು. 4 ಲಕ್ಷ ಕೋಟಿಯ ಬಜೆಟ್ಟಿನಲ್ಲಿ 62 ಕೋಟಿ ಎಂದರೆ ನೂರು ರೂಪಾಯಿಗೆ ಒಂದೂವರೆ ಪೈಸೆ. "ಒಂದೂವರೆ ಪೈಸೆಗೆ ಯಾಕಯ್ಯ ಇಷ್ಟು ಕೂಗಾಡ್ತೀಯ?" ಎಂದು ಶಾಸಕರು ಕೇಳಿದರೆ ಆ ಮಾತಿನಲ್ಲಿ ಅರ್ಥವಿದೆ. ನಾನು ಕೂಗುವುದು ಒಂದೂವರೆ ಪೈಸೆಗಲ್ಲ. ಆ ಒಂದೂವರೆ ಪೈಸೆಯನ್ನು ಎತ್ತಿಕೊಂಡ ಕೈ ಉಳಿದ 99 ರೂಪಾಯಿ ಚಿಲ್ಲರೆಯನ್ನು ಹೇಗೆ ಎತ್ತಿಕೊಡುತ್ತದೆ ಎಂಬುದಕ್ಕೆ.

ಆ ನೂರು ರೂಪಾಯಿಯನ್ನೇ ಬಿಚ್ಚಿ ನೋಡಿ. 2025-26ರ ಬಜೆಟ್ಟಿನ ಪ್ರಕಾರ ಅದರಲ್ಲಿ 28 ರೂಪಾಯಿ ಸಾಲದ ದುಡ್ಡು. ಆ ಒಂದು ವರ್ಷಕ್ಕೆ ಎತ್ತಲು ಹೊರಟ ಸಾಲ 1 ಲಕ್ಷ 16 ಸಾವಿರ ಕೋಟಿ. ಹಳೆಯ ಸಾಲದ ಬಡ್ಡಿಗೇ ಹೆಚ್ಚುಕಡಿಮೆ 45 ಸಾವಿರ ಕೋಟಿ, ಅಂದರೆ ನೂರರಲ್ಲಿ 11 ರೂಪಾಯಿ. ನಾವು ಸೊಸೈಟಿಗೆ ಸಾಲಕ್ಕೆ ಹೋದರೆ ಪಹಣಿ ತಾ, ಆಧಾರ್ ತಾ, ಬೇರೆ ಕಡೆ ಬಾಕಿ ಇಲ್ಲವೆಂದು ಬರೆಸಿಕೊಂಡು ಬಾ, ಜಾಮೀನಿಗೆ ಇಬ್ಬರನ್ನು ಕರಕೊಂಡು ಬಾ ಅಂತಾರೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿದರೆ ಊರವರು ದಡ್ಡ ಅಂತಾರೆ. ವಾಯಿದೆ ತಪ್ಪಿದರೆ ಬ್ಯಾಂಕಿನವರು ಸುಸ್ತಿದಾರ ಅಂತಾರೆ, ಮನೆ ಬಾಗಿಲಿಗೆ ನೋಟೀಸು ಬರುತ್ತದೆ. ಸರ್ಕಾರ ಸಾಲ ಮಾಡಿ ಬಡ್ಡಿ ಕಟ್ಟಿದರೆ ಅದಕ್ಕೆ ವಿತ್ತೀಯ ಕೊರತೆ ಎಂದು ಸಂಸ್ಕೃತದ ಹೆಸರು! ಆ ಸಾಲಕ್ಕೆ ಜಾಮೀನು ಯಾರು? ನಾನು, ನೀವು, ಇನ್ನೂ ಹುಟ್ಟದ ನಮ್ಮ ಮೊಮ್ಮಕ್ಕಳು.

ಖಜಾನೆಯ ಬಾಗಿಲು ಹೇಗೆ ತೆರೆಯುತ್ತದೆ ಎಂಬುದನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ಸಂವಿಧಾನದ 202ನೇ ಅನುಚ್ಛೇದದಂತೆ ಸರ್ಕಾರ ವರ್ಷದ ಆಯವ್ಯಯವನ್ನು ಸದನದ ಮುಂದೆ ಇಡಬೇಕು. 203ರಂತೆ ಪ್ರತಿ ಇಲಾಖೆಯೂ "ನನಗೆ ಇಷ್ಟು ಬೇಕು" ಎಂದು ಅನುದಾನದ ಬೇಡಿಕೆ ಇಡಬೇಕು. ವಿಧಾನಸಭೆ ಅದನ್ನು ಒಪ್ಪಬಹುದು, ತಿರಸ್ಕರಿಸಬಹುದು, ಕಡಿತ ಮಾಡಬಹುದು. ಬಡ್ಡಿಯ ಖರ್ಚನ್ನು ಮಾತ್ರ ಮತಕ್ಕೇ ಹಾಕುವಂತಿಲ್ಲ, ಅದು ಮೊದಲೇ ಹೋಯಿತು. ಆಮೇಲೆ 204ರಂತೆ ಧನವಿನಿಯೋಗ ಮಸೂದೆ. ಅದು ಪಾಸಾಗದೆ ಸಂಚಿತ ನಿಧಿಯಿಂದ ಒಂದು ಬಿಡಿಗಾಸೂ ಹೊರಗೆ ಬರುವಂತಿಲ್ಲ. ನೀವು ಓಟು ಹಾಕಿ ಕಳಿಸಿದವನ ಕೈಯಲ್ಲಿ ಇರುವ ಬೀಗದ ಕೈ ಇದು. ರಸ್ತೆ ಗುದ್ದಲಿ ಪೂಜೆ ಯಾರು ಬೇಕಾದರೂ ಮಾಡಬಹುದು. ಈ ಕೆಲಸ ಶಾಸಕನೇ ಮಾಡಬೇಕು.

ಮಾಡುತ್ತಾರೆಯೇ? ಸಮಯ ಮುಗಿಯಿತು ಎಂದು ಚರ್ಚೆಗೆ ಬಾರದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕುವ ಪದ್ಧತಿ ನಮ್ಮ ಸಂಸತ್ತಿನಲ್ಲೇ ಇದೆ. ಅದಕ್ಕೆ ಗಿಲೊಟಿನ್ ಎನ್ನುತ್ತಾರೆ. ಫ್ರಾನ್ಸಿನಲ್ಲಿ ತಲೆ ಕಡಿಯುತ್ತಿದ್ದ ಯಂತ್ರದ ಹೆಸರು ಅದು! ಇಲ್ಲಿ ಕಡಿಯುವುದು ತಲೆಯನ್ನಲ್ಲ, ಪ್ರಶ್ನೆಯನ್ನು. "ಹೌದು ಎನ್ನುವವರು ಹೌದು ಎನ್ನಿ" ಅಂದರೆ ಸಾವಿರಾರು ಕೋಟಿ ದಾಟಿತು. ವರ್ಷದ ನಡುವೆ ಸಾಲದೆ ಬಂದರೆ ಪೂರಕ ಅಂದಾಜು. ಅದಕ್ಕೂ ಹೌದು.

ಇನ್ನೊಂದು ಗುಟ್ಟು ಹೇಳುತ್ತೇನೆ, ಮನಸ್ಸಿನಲ್ಲಿಟ್ಟುಕೊಳ್ಳಿ. ಬಜೆಟ್ ಪುಸ್ತಕದಲ್ಲಿ ಮೂರು ಬಗೆಯ ಸಂಖ್ಯೆ ಇರುತ್ತವೆ. ಒಂದು ಅಂದಾಜು, ಎರಡು ಪರಿಷ್ಕೃತ ಅಂದಾಜು, ಮೂರು ನಿಜವಾಗಿ ಖರ್ಚಾದ ಲೆಕ್ಕ. ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುವುದು ಮೊದಲನೆಯದು. ಮೂರನೆಯದು ಎರಡು ವರ್ಷ ಕಳೆದು ಬರುತ್ತದೆ, ಆಗ ಕೇಳುವವರಿಲ್ಲ. 2018ರ ಜುಲೈ 5ರಂದು ಕುಮಾರಸ್ವಾಮಿಯವರು ಬಜೆಟ್ಟಿನಲ್ಲಿ 34 ಸಾವಿರ ಕೋಟಿ ಸಾಲ ಮನ್ನಾ ಎಂದರು. ಆ ಸಂಖ್ಯೆ ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಬಾಯಿಪಾಠ. ಕಡೆಗೆ ಖಜಾನೆಯಿಂದ ಇಳಿದದ್ದು ಎಷ್ಟು, ನಿಮ್ಮ ಹೋಬಳಿಗೆ ಬಂದದ್ದು ಎಷ್ಟು? ಕೇಳಿದ್ದೀರಾ? ನಾನೂ ಆಗ ಕೇಳಲಿಲ್ಲ. ತಪ್ಪು ನನ್ನದೂ ಇದೆ.

ನಮ್ಮ ಈ ಮೈಸೂರು ಸೀಮೆಯಲ್ಲಿ ಲೆಕ್ಕ ಒಪ್ಪಿಸುವುದು ಹೊಸ ಮಾತಲ್ಲ. 1876-78ರ ಬರಗಾಲದಲ್ಲಿ ಸಂಸ್ಥಾನ ಸಾಲದಲ್ಲಿ ಮುಳುಗಿತ್ತು. 1881ರಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತು. ಅದೇ ವರ್ಷದ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆ ಕರೆದರು. 144 ಜನ, ಭೂಮಿ ಇದ್ದವರು, ವ್ಯಾಪಾರ ಮಾಡುವವರು. ಅವರ ಮುಂದೆ ಸಂಸ್ಥಾನದ ಆಡಳಿತದ, ಆದಾಯ ವೆಚ್ಚದ ವರದಿ ಇಟ್ಟರು. ಆ ಸಭೆಗೆ ಒಂದು ರೂಪಾಯಿ ಕಡಿತ ಮಾಡುವ ಅಧಿಕಾರವೂ ಇರಲಿಲ್ಲ. ಬರೀ ಕೇಳಿ ಅಹವಾಲು ಹೇಳಬಹುದಿತ್ತು. ಅಧಿಕಾರವಿಲ್ಲದ ಸಭೆಗೆ ಆವತ್ತು ಲೆಕ್ಕ ಓದಿದರು. ಅಧಿಕಾರವಿರುವ ಸಭೆಗೆ ಇವತ್ತು ಲೆಕ್ಕ ಕೇಳಲು ಪುರುಸೊತ್ತಿಲ್ಲ!

ಲೆಕ್ಕ ಎಂದರೆ ಬರೀ ಅಂಕಿ ಎಂದುಕೊಳ್ಳಬೇಡಿ, ಅದರಲ್ಲಿ ಪ್ರಾಣವಿದೆ. 2018ರ ನವೆಂಬರ್ 24ರಂದು ಕನಗನಮರಡಿಯ ಹತ್ತಿರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ಸತ್ತರು. ಶಾಲೆಯಿಂದ ಮನೆಗೆ ಹೊರಟ ಮಕ್ಕಳು ಅದರಲ್ಲಿದ್ದರು. ನಾಲೆಯ ಉದ್ದಕ್ಕೂ ತಡೆಗೋಡೆ ಬೇಕೆಂದು ಆವತ್ತೇ ಜನ ಕೇಳಿದರು. ಐದು ವರ್ಷ ಕಳೆದು 2023ರ ನವೆಂಬರಿನಲ್ಲಿ ಬನಘಟ್ಟದ ಬಳಿ ಅದೇ ನಾಲೆಗೆ ಕಾರು ಬಿದ್ದು ಐದು ಜನ ಸತ್ತರು. ಆ ಐದು ವರ್ಷದಲ್ಲಿ ಐದು ಬಜೆಟ್ಟು ಪಾಸಾದವು. ಪ್ರತಿ ಸಲವೂ ನೀರಾವರಿಗೆ ಇಷ್ಟು ಸಾವಿರ ಕೋಟಿ ಎಂದು ಓದಿದರು. ಅದರಲ್ಲಿ ತಡೆಗೋಡೆಗೆ ಎಷ್ಟು, ಯಾವ ಲೆಕ್ಕಶೀರ್ಷಿಕೆಯಲ್ಲಿ, ಎಷ್ಟು ಕಿಲೋಮೀಟರು ಎಂದು ನಮ್ಮಲ್ಲಿ ಎಷ್ಟು ಜನ ಪಟ್ಟು ಹಿಡಿದು ಕೇಳಿದೆವು?

ಕೇಳುವ ದಾರಿ ಇದೆ. ಮಹಾಲೇಖಪಾಲರ ವರದಿ, ಅದೇ ಸಿ.ಎ.ಜಿ. ವರದಿ, 151ನೇ ಅನುಚ್ಛೇದದಂತೆ ಸದನದ ಮುಂದೆ ಬರುತ್ತದೆ. ಅದನ್ನು ತಿರುವಿ ಹಾಕಲು ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಆದರೆ ಆ ವರದಿ ಬರುವ ಹೊತ್ತಿಗೆ ದುಡ್ಡು ಖರ್ಚಾಗಿ, ಕಂಟ್ರಾಕ್ಟರು ಮನೆ ಕಟ್ಟಿ, ಅಧಿಕಾರಿ ವರ್ಗವಾಗಿರುತ್ತಾನೆ. 2005ರಲ್ಲಿ ಉದ್ಯೋಗ ಖಾತ್ರಿ ಕಾಯ್ದೆ ಬಂದಾಗ ಕೆರೆ ಹೂಳೆತ್ತಿದ ಕೂಲಿಯ ಲೆಕ್ಕವನ್ನೂ ಗ್ರಾಮಸಭೆಯಲ್ಲಿ ಓದಬೇಕು, ಸಾಮಾಜಿಕ ಪರಿಶೋಧನೆ ಆಗಬೇಕು ಎಂದು ಕಡ್ಡಾಯ ಮಾಡಿದರು. ಒಳ್ಳೆಯದೇ. ಕೂಲಿಯವನ ದಿನಗೂಲಿಗೆ ಬಂದ ಆ ಕಾನೂನು ವಿಧಾನಸೌಧದ ಮೆಟ್ಟಿಲು ಯಾಕೆ ಹತ್ತಲಿಲ್ಲ? ಊರಿಗೊಂದು ದಾರಿ, ಒಡೆಯನಿಗೊಂದು ದಾರಿಯೇ?

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಒಂದು: ಶಾಸಕರ ಸಂಬಳದ ಮಸೂದೆ ಚರ್ಚೆಯಿಲ್ಲದೆ ಪಾಸಾಗಕೂಡದು. ಯಾರು ಹೌದೆಂದರು, ಯಾರು ಇಲ್ಲವೆಂದರು ಎಂದು ಹೆಸರು ಬರೆಯಬೇಕು. ಏರಿಸಿದ ಸಂಬಳ ಮುಂದಿನ ಚುನಾವಣೆ ಮುಗಿದ ಮೇಲೆ ಜಾರಿಗೆ ಬರಬೇಕು. ಅಮೆರಿಕದವರು 1992ರಲ್ಲಿ ತಮ್ಮ ಸಂವಿಧಾನಕ್ಕೇ ಈ ನಿಯಮ ಸೇರಿಸಿದ್ದಾರೆ, ಇದು ಆಗದ ಮಾತಲ್ಲ. ಎರಡು: ಪ್ರತಿ ಇಲಾಖೆಯ ಬೇಡಿಕೆಯೂ ಮತಕ್ಕೆ ಮುಂಚೆ ಶಾಸಕರ ಸಮಿತಿಯ ಜರಡಿಯಲ್ಲಿ ಇಳಿಯಬೇಕು. ಪಕ್ಕದ ಕೇರಳದ ವಿಧಾನಸಭೆಯಲ್ಲಿ ಈ ಕೆಲಸಕ್ಕೆಂದೇ ವಿಷಯ ಸಮಿತಿಗಳಿವೆ. ಮೂರು: ಪ್ರತಿ ಶಾಸಕನೂ ವರ್ಷಕ್ಕೊಮ್ಮೆ ತಾಲೂಕು ಕೇಂದ್ರದಲ್ಲಿ ನಿಂತು, ಎಷ್ಟು ಮಂಜೂರು, ಎಷ್ಟು ಬಿಡುಗಡೆ, ಎಷ್ಟು ಖರ್ಚು ಎಂದು ಮೂರೂ ಸಂಖ್ಯೆಯನ್ನು ಕನ್ನಡದಲ್ಲಿ ಓದಬೇಕು. ಪ್ರಶ್ನೆಗೆ ನಿಂತು ಉತ್ತರ ಕೊಡಬೇಕು.

ಅವರು ಒಪ್ಪುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಒಂದೇ ವಿಷಯ, 150 ಪದದೊಳಗೆ ಬರೆಯಿರಿ. 30 ದಿನದಲ್ಲಿ ಉತ್ತರ ಕೊಡಬೇಕು. ನಿಮ್ಮೂರ ನಾಲೆಯ ತಡೆಗೋಡೆಗೆ, ನಿಮ್ಮ ಉಪಕಾಲುವೆಯ ಹೂಳಿಗೆ ಹಿಂದಿನ ಮೂರು ವರ್ಷದಲ್ಲಿ ಎಷ್ಟು ಮಂಜೂರಾಯಿತು, ಎಷ್ಟು ಖರ್ಚಾಯಿತು ಎಂದು ಕೇಳಿ. ಬಂದ ಉತ್ತರವನ್ನು ಪೆಟ್ಟಿಗೆಯಲ್ಲಿಡಬೇಡಿ. ದೊಡ್ಡ ಅಕ್ಷರದಲ್ಲಿ ಬರೆದು ಡೈರಿಯ ಗೋಡೆಗೆ ಅಂಟಿಸಿ. ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವ ಹೆಂಗಸರು ಓದಲಿ. ಡೈರಿಯ ವಾರ್ಷಿಕ ಸಭೆಯಲ್ಲಿ ಕಾಫಿ ತಿಂಡಿ ಖರ್ಚು ಓದಿದ ಕೂಡಲೇ "ಯಾರ್ ಕುಡುದ್ರಪ್ಪ ಇಷ್ಟೊಂದ್ ಕಾಫಿಯ?" ಎಂದು ಹಿಂದಿನ ಸಾಲಿನಿಂದ ಏಳುವವರು ನಮ್ಮೂರಲ್ಲಿ ಇದ್ದಾರೆ. ನಿಮ್ಮೂರಲ್ಲೂ ಇರುತ್ತಾರೆ. ಅಂಥವರು ಶಾಸಕರ ಸಭೆಯಲ್ಲಿ ಮುಂದಿನ ಸಾಲಿಗೆ ಬಂದು ಕೂರಲಿ. ಹಾರ, ಶಾಲು ಕೊಡುವವರು ಹಿಂದೆ ಹೋಗಲಿ.

ವಿಧಾನಸೌಧದ ಹಣೆಯ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಎಂದು ಬರೆಸಿದ್ದಾರೆ. ಇರಲಿ. ನಮ್ಮ ದೇವಸ್ಥಾನದ ಹುಂಡಿಯನ್ನೂ ನಾಲ್ಕು ಜನರ ಮುಂದೆಯೇ ಎಣಿಸುವುದು. ಮುಂದಿನ ಸಲ ಓಟು ಕೇಳಲು ಬಂದವರಿಗೆ ಊರ ಬಾಗಿಲಲ್ಲೇ ಒಂದು ಮಾತು ಹೇಳಿ: ಮೊದಲು ಲೆಕ್ಕ, ಆಮೇಲೆ ಓಟು.

— ಒಬ್ಬ ರೈತ, ವಿ.ಸಿ. ಫಾರಂ, ಮಂಡ್ಯ